ಎ ವಿಂಗಿನ ಹದಿನಾರು ಜೋಡಣೆ

ತಾಮ್ರದ ಪೈಪಿಗೆ ಪ್ಲಾಸ್ಟಿಕ್ ಪೈಪನ್ನು ಜೋಡಿಸಬಹುದು ಎಂದು ಮೊದಲು ಯಾರಿಗೆ ಹೊಳೆಯಿತೋ, ಆ ಮನುಷ್ಯ ಜನ್ಮದಲ್ಲಿ ಪೈಪು ಬಿಗಿಯುವ ಪಾನಾ ಹಿಡಿದವನಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಬಿಸಿಯಾದರೆ ತಾಮ್ರ ಒಂದಿಷ್ಟು ಹಿಗ್ಗುತ್ತದೆ, ಪ್ಲಾಸ್ಟಿಕ್ ಅದರ ಮೂರ್ನಾಲ್ಕು ಪಟ್ಟು ಹಿಗ್ಗುತ್ತದೆ. ತಾಮ್ರಕ್ಕೆ ಬೆಂಕಿ ತೋರಿಸಿ ಬೆಸುಗೆ ಹಾಕಬೇಕು, ಪ್ಲಾಸ್ಟಿಕ್ ಬೆಂಕಿಯ ಸುದ್ದಿ ಕೇಳಿದರೇ ಬಾಗುತ್ತದೆ. ಇಂಥ ಎರಡನ್ನು ಗಂಟು ಹಾಕಿ, ಒಳಗೆ ಸುಡುವ ನೀರು ಬಿಟ್ಟು, ಹತ್ತು ವರ್ಷ ಏನೂ ಆಗಬಾರದು ಎನ್ನುವವರು ಕಟ್ಟಡ ನೋಡಿಕೊಳ್ಳುವ ಸೊಸೈಟಿ ಕಮಿಟಿಯವರು ಮಾತ್ರ.

ಎರಡು ಸಾವಿರದ ಹತ್ತರ ಆಚೀಚೆ ಪನ್ವೇಲ್ ಹತ್ತಿರದ ಕಾಮೋಠೆಯ ಅಂಥದೊಂದು ಕಮಿಟಿಯ ಕೈಗೆ ನಾನು ಸಿಕ್ಕಿದೆ. ಏಳು ಮಾಳಿಗೆಯ ಕಟ್ಟಡ, ಎ ವಿಂಗ್, ಬಿ ವಿಂಗ್ ಎಂದು ಎರಡು ಭಾಗ. ಬಿಲ್ಡರ್ ಮಹಾಶಯ ಟೆರೇಸಿನ ಮೇಲೆ ಸೋಲಾರ್ ಪ್ಯಾನೆಲ್‌ಗಳನ್ನು ಸಾಲಾಗಿ ಇಟ್ಟು, ಫೋಟೊ ತೆಗೆಸಿಕೊಂಡು ಹೋಗಿದ್ದ. ಪೈಪು ಹಾಕುವುದು ಅವನಿಗೆ ಮರೆತುಹೋಗಿತ್ತು. ಎರಡು ವರ್ಷ ಆ ಪ್ಯಾನೆಲ್‌ಗಳ ಮೇಲೆ ಮನೆಮನೆಯವರು ಹಪ್ಪಳ ಒಣಗಿಸಿದರು. ಕೊನೆಗೆ ಯಾರೋ ಒಬ್ಬರಿಗೆ ಇದರಿಂದ ಸ್ನಾನದ ನೀರೂ ಬಿಸಿಯಾಗುತ್ತದಂತೆ ಎಂದು ತಿಳಿದು, ನನ್ನನ್ನು ಕರೆದರು.

ಕರೆದವರು ಸೆಕ್ರೆಟರಿ. ಉಡುಪಿ ಕಡೆಯವರು, ವಾಶಿಯಲ್ಲಿ ಹೋಟೆಲು. ಇಡ್ಲಿಯ ಹಬೆಯ ಬಗ್ಗೆ ಗೊತ್ತಿರುವುದರಿಂದ ಬಿಸಿನೀರಿನ ಬಗ್ಗೆಯೂ ತಮಗೆ ಗೊತ್ತು ಎಂದು ತಿಳಿದವರು. ನಾನೂ ಕಾರ್ಕಳ ಕಡೆಯವನು, ಡೊಂಬಿವಲಿಯಲ್ಲಿ ಮನೆ. ಹಾಗಾಗಿ ಮೊದಲ ಭೇಟಿಯಲ್ಲೇ ಇಬ್ಬರೂ ತುಳುವಿಗೆ ಇಳಿದೆವು, ಕೆಲಸ ನನ್ನದಾಯಿತು. ಚೇರ್ಮನ್ ಬ್ಯಾಂಕಿನಿಂದ ನಿವೃತ್ತರಾದ ಮರಾಠಿಯವರು. ಅವರಿಗೆ ಎಲ್ಲವೂ ಫೈಲಿನಲ್ಲಿ ಬೇಕು. ನೀರು ಬಿಸಿಯಾಗಿದೆ ಎಂಬುದನ್ನೂ ಬರೆದು ಕೊಡಿ ಎನ್ನುವ ಪೈಕಿ.

ಟೆರೇಸಿನಲ್ಲಿ ಬಿಸಿಲು ಬೀಳುವ ಕಡೆಯೆಲ್ಲ ತಾಮ್ರ, ಅಲ್ಲಿಂದ ಕೆಳಗೆ ಬಚ್ಚಲುಮನೆಗಳಿಗೆ ಇಳಿಯುವುದು ಸಿಪಿವಿಸಿ ಎಂಬ ಕೆನೆಬಣ್ಣದ ಪ್ಲಾಸ್ಟಿಕ್ ಪೈಪು ಎಂದು ತೀರ್ಮಾನವಾಯಿತು. ಒಂದು ವಿಂಗಿಗೆ ಹದಿನಾರು ಇಳಿಪೈಪು. ಅವು ಬಚ್ಚಲ ಕಿಟಕಿಗಳು ತೆರೆಯುವ ಡಕ್ಟ್ ಎಂಬ ಸಂದಿಯೊಳಗೆ ಇಳಿಯುವ ಮುನ್ನ, ಟೆರೇಸಿನ ಕಟ್ಟೆಯ ಬಳಿ, ತಾಮ್ರ ಮುಗಿದು ಪ್ಲಾಸ್ಟಿಕ್ ಶುರುವಾಗಬೇಕು. ಅಂದರೆ ಎ ವಿಂಗಿನಲ್ಲಿ ಹದಿನಾರು ಜೋಡಣೆ, ಬಿ ವಿಂಗಿನಲ್ಲಿ ಹದಿನಾರು. ಕೆಲಸದ ತಲೆನೋವೆಲ್ಲ ಆ ಮೂವತ್ತೆರಡು ಜಾಗದಲ್ಲಿತ್ತು.

ನನ್ನ ಜೊತೆಗಿದ್ದವನು ಒಬ್ಬ ಫಿಟ್ಟರ್. ವಿಜಾಪುರ ಕಡೆಯವನು, ನನಗಿಂತ ಎರಡು ವರ್ಷ ದೊಡ್ಡವನು, ನನ್ನ ಕೈಕೆಳಗೆ ಹನ್ನೊಂದು ವರ್ಷದಿಂದ ಇದ್ದವನು. ಮಾತು ಕಡಿಮೆ, ಕೆಲಸ ನಿಧಾನ. ಪೈಪು ಕತ್ತರಿಸಿದ ಮೇಲೆ ಅದರ ಬಾಯಿಯನ್ನು ಬೆರಳಿನಿಂದ ಸವರಿ, ಮತ್ತೆ ಸವರಿ, ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ ನೋಡುತ್ತಿದ್ದ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಅವನು ತುರ್ಭೆಯಲ್ಲಿ ಐದು ಜನ ಗಂಡಸರ ಜೊತೆ ಒಂದು ಖೋಲಿಯಲ್ಲಿ ಇದ್ದ. ಹೆಂಡತಿ ಮತ್ತು ಮಗಳು ಊರಿನಲ್ಲಿ. ವರ್ಷಕ್ಕೆ ಎರಡು ಸಲ ಹೋಗಿ ನೋಡಿ ಬರುತ್ತಿದ್ದ.

ಈ ಕೆಲಸ ಶುರುವಾದ ವಾರದಲ್ಲಿ ಸೆಕ್ರೆಟರಿ ಅವನಿಗೆ ಒಂದು ಮಾತು ಕೊಟ್ಟರು. ಕೆಲಸ ಮುಗಿದ ಮೇಲೆ ಸೊಸೈಟಿಗೆ ಖಾಯಂ ಪ್ಲಂಬರ್ ಬೇಕು, ಪಂಪ್ ರೂಮಿನ ಪಕ್ಕದ ಕೋಣೆ ಖಾಲಿ ಇದೆ, ನೀನೇ ಇರು, ಸಂಸಾರ ಕರೆದುಕೊಂಡು ಬಾ ಎಂದರು. ಆ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫಿಟ್ಟರ್ ಒಂದು ಹೊಸ ಪೈಪನ್ನು ಹಿಡಿದುಕೊಂಡು ಹೋಗಿ ಕೋಣೆಯನ್ನು ಅಳೆದ. ಉದ್ದಕ್ಕೆ ಒಂದು ಪೈಪು, ಅಗಲಕ್ಕೆ ಮುಕ್ಕಾಲು ಪೈಪು. ಆಮೇಲೆ ಹಿಂದಿನ ರಸ್ತೆಯ ಶಾಲೆಗೆ ಹೋಗಿ ಆರನೇ ಇಯತ್ತೆಗೆ ಸೀಟು ಇದೆಯೇ ಎಂದು ಕೇಳಿ ಬಂದ. ಹನ್ನೊಂದು ವರ್ಷದಲ್ಲಿ ಅವನು ತಾನಾಗಿ ನನಗೆ ಹೇಳಿದ ದೊಡ್ಡ ಸುದ್ದಿ ಅದೊಂದೇ. ನಾನು, ಮೊದಲು ಕೆಲಸ ಮುಗಿಸು ಮಾರಾಯ, ಎಂದೆ.

ಕೆಲಸವನ್ನು ನಾನು ಹೀಗೆ ಹಂಚಿದ್ದೆ. ತಾಮ್ರ ನನ್ನದು, ಪ್ಲಾಸ್ಟಿಕ್ಕಿನ ಅಂಟು ಅವನದು, ಎರಡೂ ಸೇರುವ ಜಾಗ ಮತ್ತೆ ನನ್ನದು. ಆ ಜಾಗವನ್ನು ಇನ್ನೊಬ್ಬರ ಕೈಗೆ ಕೊಡುವಷ್ಟು ನಂಬಿಕೆ ನನಗೆ ಠಾಣೆ ಜಿಲ್ಲೆಯಲ್ಲಿ ಯಾರ ಮೇಲೂ ಇರಲಿಲ್ಲ.

ತಾಮ್ರದ ತುದಿಯನ್ನು ಕಟರಿನಲ್ಲಿ ಸುತ್ತಿ ಸುತ್ತಿ ಕತ್ತರಿಸಬೇಕು, ಒಳಗಿನ ಏಣನ್ನು ಕೆರೆದು ತೆಗೆಯಬೇಕು. ಹೊರಮೈಯನ್ನು ಎಮರಿ ಕಾಗದದಿಂದ ಹೊಸ ಕಾಸಿನಷ್ಟು ಹೊಳೆಯುವವರೆಗೆ ಉಜ್ಜಬೇಕು. ಅದಕ್ಕೆ ಫ್ಲಕ್ಸ್ ಎಂಬ ಲೇಪ ಸವರಿ, ಒಳಗಡೆ ಥ್ರೆಡ್, ಅಂದರೆ ತಿರುಪಿನ ಸುತ್ತು, ಇರುವ ಹಿತ್ತಾಳೆಯ ತುಂಡನ್ನು ಕೂರಿಸಿ, ಬ್ಲೋ ಲ್ಯಾಂಪಿನ ಉರಿ ತೋರಿಸಿ ಬೆಸುಗೆ ತಂತಿ ಮುಟ್ಟಿಸಿದರೆ ಅದು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಪ್ಲಾಸ್ಟಿಕ್ ಹತ್ತಿರ ಬರಬೇಕಾದದ್ದು ಆಗಲೇ. ಮೊದಲು ಅಡಾಪ್ಟರ್ ಎಂಬ ಪ್ಲಾಸ್ಟಿಕ್ ತುಂಡು, ಅದರ ಒಂದು ತುದಿಯಲ್ಲಿ ಹೊರಗಡೆ ಥ್ರೆಡ್. ಅದನ್ನು ನಾನು ಹಿತ್ತಾಳೆಯೊಳಗೆ ತಿರುಗಿಸಿ ಬಿಗಿ ಮಾಡಿದ ಮೇಲೆ, ಇನ್ನೊಂದು ತುದಿಗೆ ಫಿಟ್ಟರ್ ಅಂಟು ಹಚ್ಚಿ ಇಳಿಪೈಪನ್ನು ಒತ್ತಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಹಿಡಿದುಕೊಳ್ಳುತ್ತಿದ್ದ. ಒಂದು ಹಗಲು ಒಂದು ರಾತ್ರಿ ನೀರು ಬಿಡುವಂತಿಲ್ಲ.

ಥ್ರೆಡ್ ಬಿಗಿ ಮಾಡುವ ಮುನ್ನ ನನ್ನದೊಂದು ಪದ್ಧತಿ ಇತ್ತು. ನನಗೆ ಈ ಕೆಲಸ ಕಲಿಸಿದವರು ಠಾಣೆಯಲ್ಲಿದ್ದ ಕುಂದಾಪುರದ ಒಬ್ಬ ಹಿರಿಯ ಪ್ಲಂಬರ್. ಕಬ್ಬಿಣದ ಪೈಪಿನ ಕಾಲದವರು. ಥ್ರೆಡ್ಡಿಗೆ ಒಂದು ಹನಿ ತೆಂಗಿನೆಣ್ಣೆ ಮುಟ್ಟಿಸದೆ ಅವರು ಪಾನಾ ಎತ್ತುತ್ತಿರಲಿಲ್ಲ. ಎಣ್ಣೆ ಇದ್ದರೆ ತಿರುಪು ಕಿರುಗುಟ್ಟದೆ ಮೆತ್ತಗೆ ಕೂರುತ್ತದೆ, ಕೈಗೆ ಅದರ ಕೊನೆ ಗೊತ್ತಾಗುತ್ತದೆ. ನಾನೂ ಊರಿನ ಗಾಣದ ಎಣ್ಣೆಯ ಸಣ್ಣ ಡಬ್ಬಿ ಚೀಲದಲ್ಲಿ ಇಟ್ಟುಕೊಂಡೇ ಇಪ್ಪತ್ತು ವರ್ಷ ತಿರುಗಿದವನು. ನೀರು ಸೋರದ ಹಾಗೆ ಥ್ರೆಡ್ಡಿಗೆ ಬಿಳಿ ಟೇಪು ಸುತ್ತಿ, ಬೆರಳನ್ನು ಎಣ್ಣೆಯಲ್ಲಿ ಅದ್ದಿ ಸವರಿ, ಕೈಯಲ್ಲಿ ಬಿಗಿ ಮಾಡಿ, ಪಾನಾದಿಂದ ಒಂದೂವರೆ ಸುತ್ತು. ಉಳಿದ ಪ್ಲಂಬರ್‌ಗಳು ಇನ್ನೊಂದು ಸುತ್ತು, ಮತ್ತೊಂದು ಸುತ್ತು ಎಂದು ಕತ್ತು ಹಿಸುಕುವಂತೆ ಬಿಗಿದು ಒಡೆಯುವುದನ್ನು ನೋಡಿ ನಕ್ಕವನು ನಾನು.

ಎ ವಿಂಗ್ ಹೀಗೆ ಮುಗಿಯಿತು. ಬಿ ವಿಂಗ್ ಶುರುವಾಗುವ ಹೊತ್ತಿಗೆ ಅಕ್ಕನ ಮಗಳ ಮದುವೆ ಬಂತು. ನಾನು ತಾಮ್ರದ ಬೆಸುಗೆಯನ್ನಷ್ಟೇ ಮುಗಿಸಿ, ಥ್ರೆಡ್ಡಿನ ಕೆಲಸವನ್ನು ಬೇರೆ ದಾರಿಯಿಲ್ಲದೆ ಫಿಟ್ಟರ್‌ಗೆ ಬಿಟ್ಟು ಊರಿಗೆ ಹೋದೆ. ಐದು ದಿನದ ಮೇಲೆ ಬಂದು ನೋಡಿದರೆ ಹದಿನಾರೂ ಆಗಿದ್ದವು. ತಪ್ಪು ಹುಡುಕಲು ಒಂದು ಗಂಟೆ ಹಿಡಿಯಿತು, ಸಿಗಲಿಲ್ಲ. ಟೇಪು ಇಷ್ಟು ನಾಜೂಕಾಗಿ ಸುತ್ತುವುದಕ್ಕೆ ಇದೇನು ಮಲ್ಲಿಗೆ ದಂಡೆಯಾ ಎಂದು ಕೇಳಿ ಸಮಾಧಾನ ಮಾಡಿಕೊಂಡೆ. 

ನೀರು ಬಿಟ್ಟ ದಿನ ಸೆಕ್ರೆಟರಿಯವರ ಹೆಂಡತಿ ಟ್ಯಾಂಕಿಗೆ ಕುಂಕುಮ ಹಚ್ಚಿದರು. ಚೇರ್ಮನ್ ಥರ್ಮಾಮೀಟರ್ ಹಿಡಿದು ಫೈಲಿನಲ್ಲಿ ಬರೆದುಕೊಂಡರು. ಫಿಟ್ಟರ್ ಊರಿಗೆ ಫೋನ್ ಮಾಡಿ, ಶಾಲೆಯ ಪರೀಕ್ಷೆ ಮುಗಿದ ಮೇಲೆ ಟಿ.ಸಿ. ತೆಗೆಸಿಡು ಎಂದು ಹೆಂಡತಿಗೆ ಹೇಳಿದ.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಏಳೂವರೆಗೆ ಸೆಕ್ರೆಟರಿಯ ಫೋನು. ಎ ವಿಂಗಿನ ಡಕ್ಟಿನಲ್ಲಿ ಬಿಸಿನೀರಿನ ಜಲಪಾತವಂತೆ. ಡೊಂಬಿವಲಿಯಿಂದ ಲೋಕಲ್ ಗಾಡಿ ಹತ್ತಿ, ಠಾಣೆಯಲ್ಲಿ ಬದಲಿಸಿ, ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು ಹೋಗುವಷ್ಟರಲ್ಲಿ, ತುರ್ಭೆಯಿಂದ ಮೊದಲೇ ಬಂದಿದ್ದ ಫಿಟ್ಟರ್ ವಾಲ್ವ್ ಮುಚ್ಚಿದ್ದ. ಟೆರೇಸಿನ ಮೂರನೇ ಜೋಡಣೆಯಲ್ಲಿ ಅಡಾಪ್ಟರ್ ಎರಡು ತುಂಡಾಗಿ ಇಳಿಪೈಪು ಕಳಚಿಕೊಂಡಿತ್ತು. ಅದನ್ನು ಬಿಸಾಡಿ ಹೊಸದು ಹಾಕಿದೆ. ಹನ್ನೆರಡು ದಿನಕ್ಕೆ ಏಳನೆಯದು ಹೋಯಿತು. ಅದಾದ ವಾರಕ್ಕೆ ಹನ್ನೊಂದನೆಯದು. ಈ ಸಲ ಮೇಲಿನ ಮಾಳಿಗೆಯ ಒಂದು ಮನೆಯಲ್ಲಿ ಕೂಸಿಗೆ ಸ್ನಾನ ಮಾಡಿಸಲು ಕೂತಿದ್ದ ಅಜ್ಜಿಯ ಹತ್ತಿರವೇ ಕಿಟಕಿಯಿಂದ ಸುಡುನೀರು ಒಳಗೆ ಎರಚಿತು. ಕೂಸಿಗೆ ತಾಗಲಿಲ್ಲ, ಅಜ್ಜಿಯ ಸೀರೆ ನೆನೆಯಿತು. ಆ ಮನೆಯವರು ಕೆಳಗೆ ಬಂದು ಕೂಗಾಡಿದ್ದು ಪನ್ವೇಲಿಗೆ ಕೇಳಿಸಿರಬೇಕು.

ಪಂಪ್ ರೂಮಿನ ಎದುರು ಕಮಿಟಿ ಸೇರಿತು. ಇಪ್ಪತ್ತು ಮೂವತ್ತು ಜನ. ಫಿಟ್ಟರ್ ಒದ್ದೆ ಬಟ್ಟೆ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದ.

"ದಾದ ಆಂಡ್ ಮಾರಾಯ್ರೆ?" ಏನಾಯಿತೆಂದು ಸೆಕ್ರೆಟರಿ ಕೇಳಿದರು.

ನಾನೂ ತುಳುವಿನಲ್ಲೇ ಹೇಳಿದೆ. ಅಂಟು ಹಚ್ಚುವುದು ಅವನ ಕೆಲಸ, ಅದು ಸರಿಯಾಗಿ ಕೂಡಿಲ್ಲ, ಅದಕ್ಕೆ ಪೈಪು ಅಲುಗಾಡಿ ಅಡಾಪ್ಟರನ್ನು ಒಡೆದು ಕಳಚಿದೆ. ಈ ಘಟ್ಟದ ಮೇಲಿನ ಮಂದಿಗೆ ಹನ್ನೊಂದು ವರ್ಷ ಅಲ್ಲ, ನೂರಾ ಹನ್ನೊಂದು ವರ್ಷ ಕಲಿಸಿದರೂ ಇಷ್ಟೇ, ತಲೆಯೊಳಗೆ ಇರುವುದು ಜೋಳದ ಹಿಟ್ಟು. ಹೀಗೆಂದೆ. ಸೆಕ್ರೆಟರಿ ನಕ್ಕರು. ಆಮೇಲೆ ಅದರಲ್ಲಿ ಹಿಟ್ಟಿನ ಭಾಗ ಬಿಟ್ಟು ಉಳಿದದ್ದನ್ನು ಹಿಂದಿಯಲ್ಲಿ ಎಲ್ಲರಿಗೂ ಹೇಳಿದೆ. ಚೇರ್ಮನ್ ಅದನ್ನು ಬರೆದುಕೊಂಡರು.

ಫಿಟ್ಟರ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಣ್ಣಾರ, ಒಡದದ್ದನ್ನ ಒಮ್ಮಿ ಕೊಯ್ದು ನೋಡೂಣಲ್ರಿ" ಎಂದ.

"ಕೊಯ್ದು ನೋಡುವುದೆಂತ? ಕಣ್ಣಿಗೆ ಕಾಣ್ತದಲ್ಲ" ಎಂದೆ.

ಅಲ್ಲಿಗೆ ಮುಗಿಯಿತು. ಕೋಣೆಯ ಮಾತನ್ನು ಕಮಿಟಿ ವಾಪಸು ತೆಗೆದುಕೊಂಡಿತು. ಕೂಸಿನ ಮೇಲೆ ಸುಡುನೀರು ಸುರಿಯಲಿದ್ದವನನ್ನು ಕಟ್ಟಡದಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದರು. ನನಗೂ ಅವನನ್ನು ಜೊತೆಗಿಟ್ಟುಕೊಂಡರೆ ಹೆಸರು ಕೆಡುತ್ತದೆ ಎನಿಸಿತು, ಬೇರೆ ನೋಡಿಕೋ ಎಂದೆ. ಅವನು ಪಾನಾ, ಕಟರು, ಅಂಟಿನ ಡಬ್ಬಿಯನ್ನು ಒಂದೊಂದಾಗಿ ಎಣಿಸಿ ನನ್ನ ಮುಂದಿಟ್ಟು ಹೋದ. ಡೊಂಬಿವಲಿಯ ಎಂಐಡಿಸಿ ಎಂಬ ಕಾರ್ಖಾನೆ ಪ್ರದೇಶದ ಒಂದು ಶೆಡ್ಡಿನಲ್ಲಿ ಪೈಪು ಕೊಯ್ಯುವ ಕೆಲಸಕ್ಕೆ ಸೇರಿದನೆಂದು ಆಮೇಲೆ ಗೊತ್ತಾಯಿತು. ನನ್ನ ಮನೆಯಿಂದ ಅದು ನಡೆದು ಹೋಗುವಷ್ಟು ಹತ್ತಿರ.

ಒಡೆದ ಮೂರು ಕಡೆಯೂ, ಅವನು ಅಂಟು ಹಚ್ಚಿದ್ದನ್ನೆಲ್ಲ ತೆಗೆದು, ಆ ವಾರ ನಾನೊಬ್ಬನೇ ಕೂತು ಮತ್ತೆ ಹೊಸದಾಗಿ ಮಾಡಿದೆ. ಅಡಾಪ್ಟರ್ ನನ್ನ ಕೈಯದು, ಟೇಪು ನನ್ನದು, ಎಣ್ಣೆ ನನ್ನದು, ಈಗ ಅಂಟೂ ನನ್ನದೇ. ಕೆಲಸ ಎಂದರೆ ಹೀಗಿರಬೇಕು ಎಂದು ಟೆರೇಸಿನಲ್ಲಿ ಹಪ್ಪಳ ಕಾಯುತ್ತಿದ್ದ ಹೆಂಗಸರಿಗೆ ಭಾಷಣವನ್ನೂ ಮಾಡಿದೆ.

ಮೂರು ವಾರಕ್ಕೆ ಅದರಲ್ಲಿ ಒಂದು ಒಡೆಯಿತು.

ಮೊದಲು ಕಂಪನಿಯನ್ನು ಬೈದೆ. ಡುಪ್ಲಿಕೇಟ್ ಮಾಲು ಎಂದು ಠಾಣೆಯ ಅಂಗಡಿಯವನ ಜೊತೆ ಜಗಳವಾಡಿ ಬೇರೆ ಕಂಪನಿಯ ಅಡಾಪ್ಟರ್ ತಂದು ಹಾಕಿದೆ. ಅದೂ ಒಡೆಯಿತು. ಆ ಎರಡನೇ ಕಂಪನಿಯವರು ಒಬ್ಬ ಟೈ ಕಟ್ಟಿದ ಹುಡುಗನನ್ನು ಕಳಿಸಿದರು. ಅವನು ಪೈಪನ್ನು ಪೆನ್ನಿನಿಂದ ತಟ್ಟಿ ನೋಡಿ, ಜೋಡಿಸಿದ ರೀತಿಯಲ್ಲೇ ತಪ್ಪಿದೆ ಎಂದು ಹಿಂದಿಯಲ್ಲಿ ಹೇಳಿ, ಒಂದು ಮಡಿಚಿದ ಕಾಗದ ಕೊಟ್ಟು ಹೋದ. ಮೀಸೆ ಸರಿಯಾಗಿ ಬಾರದವನು ನನಗೆ ಜೋಡಿಸುವುದನ್ನು ಹೇಳಿಕೊಡುತ್ತಾನೆ ಎಂದು ಆ ಕಾಗದವನ್ನು ಕಿಸೆಗೆ ತುರುಕಿದೆ. ಇಷ್ಟು ದಿನ ಪ್ರತಿ ಪೆಟ್ಟಿಗೆಯಲ್ಲೂ ಅಂಥದೇ ಒಂದು ಕಾಗದ ಬರುತ್ತಿತ್ತು. ನಾನು ಅದರಲ್ಲಿ ಕೈ ಒರೆಸಿಕೊಂಡಿದ್ದೇನೆ, ವಡಾಪಾವ್ ಸುತ್ತಿಕೊಂಡಿದ್ದೇನೆ, ಓದಿರಲಿಲ್ಲ.

ಆದರೆ ಒಂದು ವಿಷಯ ತಲೆಯಿಂದ ಹೋಗಲಿಲ್ಲ. ಬಿ ವಿಂಗಿನಲ್ಲಿ ಒಂದೂ ಒಡೆದಿರಲಿಲ್ಲ. ಅದೇ ಟ್ಯಾಂಕಿನ ನೀರು, ಅದೇ ಕಂಪನಿಯ ಮಾಲು, ಅದೇ ತಾಮ್ರ. ಬಿ ವಿಂಗಿನವರು ಬಿಸಿನೀರು ಕಡಿಮೆ ಬಳಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬಿ ವಿಂಗಿನಲ್ಲಿ ಜಾಸ್ತಿ ಜನ ಇದ್ದರು.

ಒಂದು ಮಧ್ಯಾಹ್ನ ಒಡೆದ ತುಂಡನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿದೆ. ಅಂಟಿನ ಕಡೆ ನೋಡಿದರೆ ಪೈಪು ಎಲ್ಲಿ ಮುಗಿಯಿತು, ಅಡಾಪ್ಟರ್ ಎಲ್ಲಿ ಶುರುವಾಯಿತು ಎಂದು ಗೆರೆ ಕೂಡ ಕಾಣದಷ್ಟು ಒಂದಾಗಿತ್ತು. ಇದು ನಾನು ಅಂಟು ಹಚ್ಚಿದ್ದು ಎಂದುಕೊಂಡು, ಮೂಲೆಯ ಕಸದ ರಾಶಿ ಕೆದಕಿ, ಫಿಟ್ಟರ್ ಅಂಟು ಹಚ್ಚಿದ್ದ ಹಳೆಯ ತುಂಡನ್ನು ಹುಡುಕಿ ಅದನ್ನೂ ಸೀಳಿದೆ. ನನ್ನದಕ್ಕಿಂತ ಚೆನ್ನಾಗಿತ್ತು. ವೈಸಿನ ಹಲ್ಲಿಗೆ ಕಚ್ಚಿಸಿ ಎಳೆದರೂ ಬಿಡಲಿಲ್ಲ. ಒಡೆದದ್ದು ಎರಡರಲ್ಲೂ ಇನ್ನೊಂದು ತುದಿಯಲ್ಲಿ, ಥ್ರೆಡ್ಡಿನ ಮೊದಲ ಸುತ್ತಿನ ಬುಡದಲ್ಲಿ, ಚಾಕುವಿನಿಂದ ಕೊಯ್ದ ಹಾಗೆ ಸುತ್ತಲೂ ಒಂದೇ ಬಿರುಕು. ಬೆರಳಿಟ್ಟೆ, ಜಾರಿತು. ಮೂಸಿದೆ. ಅಷ್ಟು ದಿನ ಸುಡುನೀರಿನಲ್ಲಿ ಬೆಂದಿದ್ದರೂ ತೆಂಗಿನೆಣ್ಣೆಯ ವಾಸನೆ ಹೋಗಿರಲಿಲ್ಲ.

ಕಿಸೆಯ ಕಾಗದ ತೆಗೆದು ಓದಿದೆ. ಒಂದು ಮಗ್ಗುಲು ಇಂಗ್ಲಿಷ್, ಇನ್ನೊಂದು ಮಗ್ಗುಲು ಹಿಂದಿ. ಈ ಪ್ಲಾಸ್ಟಿಕ್ಕಿಗೆ ಏನೇನು ತಾಗಬಾರದು ಎಂಬ ಪಟ್ಟಿಯಲ್ಲಿ ಅಡುಗೆ ಎಣ್ಣೆಗಳು ಎಂದು ಬರೆದಿತ್ತು. ಬಿಗಿ ಇರುವ ಕಡೆ ಎಣ್ಣೆ ಕೂತರೆ ದಿನ ಕಳೆದಂತೆ ಸೀಳು ಬಿಡುತ್ತದಂತೆ.

ಕಾಗದವನ್ನು ನಂಬುವ ಜಾತಿ ನನ್ನದಲ್ಲ. ಎರಡು ಹೊಸ ಅಡಾಪ್ಟರ್, ಎರಡು ಹಿತ್ತಾಳೆ ತುಂಡು ಮನೆಗೆ ಒಯ್ದೆ. ಒಂದಕ್ಕೆ ಎಣ್ಣೆ ಸವರಿ, ಒಂದಕ್ಕೆ ಬರಿಯ ಟೇಪು ಸುತ್ತಿ, ಎರಡನ್ನೂ ಅಷ್ಟೇ ಬಿಗಿ ಮಾಡಿ, ದಿನಾ ಬೆಳಿಗ್ಗೆ ಸಂಜೆ ಪಾತ್ರೆಯ ಬಿಸಿನೀರಿನಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟೆ. "ಆ ಪಾತ್ರೆಯನ್ನು ಇನ್ನು ನೀವೇ ಇಟ್ಟುಕೊಳ್ಳಿ, ಹಾಲು ಕಾಯಿಸಲಿಕ್ಕೆ ನನಗೆ ಬೇಡ" ಎಂದಳು ಹೆಂಡತಿ. ಒಂಬತ್ತನೇ ದಿನ ಎಣ್ಣೆ ಹಚ್ಚಿದ್ದು ಟಿಕ್ಕೆಂದು ಸೀಳಿತು. ಇನ್ನೊಂದು ಹಾಗೆಯೇ ಇತ್ತು. ಮಾರನೆಯ ದಿನ ಬಿ ವಿಂಗಿಗೆ ಹೋಗಿ ಒಂದು ಜೋಡಣೆಯನ್ನು ಬಿಚ್ಚಿದೆ. ಒಳಗೆ ಬೆಳ್ಳಗಿನ ಒಣ ಟೇಪು. ಎಣ್ಣೆಯ ಸುಳಿವೇ ಇಲ್ಲ.

ಬುದ್ಧಿಯಿಲ್ಲದವನು ಎಂದು ನಾನು ಊರಿಗೆಲ್ಲ ಸಾರಿದವನು ಮಾಡಿದ ಹದಿನಾರು ಗಟ್ಟಿ ನಿಂತಿದ್ದವು. ಇಪ್ಪತ್ತು ವರ್ಷದ ಅನುಭವಸ್ಥ ಮಾಡಿದ ಹದಿನಾರು ಒಂದೊಂದಾಗಿ ಬಿಡುತ್ತಿದ್ದವು. ನನಗೆ ಆಗ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. ಎಣ್ಣೆ ಕಲಿಸಿದ ಕುಂದಾಪುರದವರ ಮೇಲೆ, ಕಾಗದ ಬರೆದವರ ಮೇಲೆ, ಎಣ್ಣೆ ಹಚ್ಚದೆ ಸುಮ್ಮನಿದ್ದ ಫಿಟ್ಟರ್ ಮೇಲೂ ಕೂಡ. ಎಲ್ಲರ ಮೇಲೂ ಹೊರಟು ಕೊನೆಗೆ ನನ್ನ ಬುಡಕ್ಕೆ ಬರಲು ಅದಕ್ಕೆ ಎರಡು ದಿನ ಬೇಕಾಯಿತು.

ವಾಶಿಯ ಹೋಟೆಲಿಗೆ ಹೋಗಿ ಸೆಕ್ರೆಟರಿಗೆ ಹೇಳಿದೆ. ಗಲ್ಲಾದಲ್ಲಿ ಕೂತಿದ್ದ ಅವರು ಎದ್ದು ನನ್ನನ್ನು ಹಿಂದಿನ ಅಡುಗೆಮನೆಗೆ ಕರೆದುಕೊಂಡು ಹೋದರು.

"ಬುಡ್ಲೆ ಮಾರಾಯ್ರೆ, ಬಿಟ್ಟುಬಿಡಿ" ಎಂದರು. "ನೀವು ಸುಮ್ಮನೆ ಉಳಿದದ್ದನ್ನು ಬದಲಾಯಿಸಿ. ಮೆಂಟೆನೆನ್ಸ್ ಅಂತ ಹೇಳುವ. ಅವ ಹೋದ, ಮುಗಿಯಿತು. ಈಗ ನೀವು ಬಾಯಿ ಬಿಟ್ಟರೆ ಆ ಚೇರ್ಮನ್ ಫೈಲು ತೆಗೀತಾನೆ. ನಮ್ಮೂರಿನವರೇ ನಮ್ಮ ಹೆಸರು ಹಾಳು ಮಾಡಿಕೊಳ್ಳುವುದೆಂತಕ್ಕೆ?"

"ಅವನ ಕೋಣೆ?" ಎಂದೆ.

"ಅದಕ್ಕೆ ಇನ್ನೊಬ್ಬನನ್ನು ನೋಡಿದ್ದೇನೆ. ನಮ್ಮ ಕಡೆಯ ಹುಡುಗ."

ಒಂದು ಕಾಫಿ ಕೊಡಿಸಿದರು. ಕುಡಿದೆ. ಹೊರಗೆ ಬಂದಾಗ ನಿಜ ಹೇಳಬೇಕೆಂದರೆ ಮನಸ್ಸು ಹಗುರವಾಗಿತ್ತು. ನಾಲ್ಕು ದಿನ ನಾನು ಸುಮ್ಮನಿದ್ದೆ. ನಾನು ಜೀವಮಾನವಿಡೀ ಹೀನಾಯವಾಗಿ ಕಂಡ ಕಳ್ಳ ಬಿಲ್ಡರುಗಳು, ಒಡೆದದ್ದಕ್ಕೆ ಎಂ-ಸೀಲ್ ಮೆತ್ತಿ ಓಡುವ ಪ್ಲಂಬರ್‌ಗಳು, ಅವರ ಪೈಕಿಯೇ ನಾನೂ ಒಬ್ಬನಾಗಿ ನಾಲ್ಕು ದಿನ ಊಟ ಮಾಡಿದೆ, ನಿದ್ದೆ ಮಾಡಿದೆ. ನಿದ್ದೆ ಚೆನ್ನಾಗಿಯೇ ಬಂತು. ನನ್ನ ಬಗ್ಗೆ ನನಗೆ ಹೇಸಿಗೆ ಬಂದದ್ದು ಅದಕ್ಕೇ.

ಐದನೇ ದಿನ ಸಂಜೆ ಐದಕ್ಕೆ ಎಂಐಡಿಸಿಯ ಆ ಶೆಡ್ಡಿನ ಗೇಟಿಗೆ ಹೋಗಿ ನಿಂತೆ. ಗಾಳಿಯಲ್ಲಿ ಎಂದಿನಂತೆ ಕೊಳೆತ ಮೊಟ್ಟೆಯ ವಾಸನೆ. ಫಿಟ್ಟರ್ ಹೊರಗೆ ಬಂದ, ನನ್ನನ್ನು ನೋಡಿ ನಿಂತ. ಎಣ್ಣೆಯ ವಿಷಯ ಹೇಳಿದೆ. ಒಡೆದದ್ದೆಲ್ಲ ನನ್ನ ಕೈಯದು ಎಂದೆ. ಸೀಳಿದ ತುಂಡನ್ನು ತೋರಿಸಿದೆ. ಅವನು ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ.

"ಕೋಣಿ ಯಾರಿಗರೆ ಕೊಟ್ರೇನ್ರಿ?" ಎಂದು ಕೇಳಿದ.

"ಇನ್ನೂ ಇಲ್ಲ. ಈ ಭಾನುವಾರ ಸೊಸೈಟಿ ಮೀಟಿಂಗಿನಲ್ಲಿ ಕೊಡ್ತಾರೆ. ನೀನು ಬಾ. ನಾನು ಎಲ್ಲರ ಮುಂದೆ ಹೇಳ್ತೇನೆ."

"ಯಾವ ಭಾಷಾದಾಗ ಹೇಳ್ತೀರಿ?"

ನನಗೆ ಅರ್ಥವಾಗಲಿಲ್ಲ. "ಹಿಂದಿಯಲ್ಲಿ" ಎಂದೆ.

"ತುಳುವಿನಾಗೂ ಹೇಳ್ರಿ" ಎಂದ. "ಹನ್ನೊಂದು ವರ್ಷ ನಿಮ್ಮ ಮಂದಿ ನಡುವ ಅದೀನಿ. ನನಗ ಎಲ್ಲಾ ತಿಳೀತೈತಿ. ಆವತ್ತಿಂದೂ ತಿಳೀತು."

ಗೇಟಿನಿಂದ ಜನ ಹೊರಗೆ ಬರುತ್ತಲೇ ಇದ್ದರು. ನಾನು ತಲೆ ತಗ್ಗಿಸಿದೆ. ಹನ್ನೊಂದು ವರ್ಷ ಅವನ ಎದುರು ಅವನ ಬಗ್ಗೆ ತುಳುವಿನಲ್ಲಿ ಏನೇನು ಆಡಿದ್ದೆ ಎಂದು ಎಣಿಸಲು ಹೋಗಲಿಲ್ಲ, ಧೈರ್ಯ ಬರಲಿಲ್ಲ.

ಭಾನುವಾರ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿದ್ದರು. ಫಿಟ್ಟರ್ ಒಗೆದ ಶರ್ಟು ಹಾಕಿಕೊಂಡು ಬಂದು ಹಿಂದೆ ಕಂಬಕ್ಕೆ ಒರಗಿ ನಿಂತ. ಸೆಕ್ರೆಟರಿ ಅವನನ್ನು ನೋಡಿ ನನ್ನ ಕಡೆ ನೋಡಿದರು. ಕೋಣೆಯ ವಿಷಯ ಬರುವ ಮೊದಲೇ ನಾನು ಎದ್ದು ನಿಂತೆ. ಸೀಳಿದ ತುಂಡುಗಳನ್ನು ಮೇಜಿನ ಮೇಲಿಟ್ಟು ಹಿಂದಿಯಲ್ಲಿ ಹೇಳಿದೆ: ಅಂಟು ಗಟ್ಟಿಯಾಗಿದೆ, ಅದು ಅವನು ಮಾಡಿದ್ದು, ಒಡೆದದ್ದು ಥ್ರೆಡ್ಡಿನಲ್ಲಿ, ಅದು ನಾನು ಮಾಡಿದ್ದು, ಬಿ ವಿಂಗ್ ಪೂರ್ತಿ ಅವನದು, ಅಲ್ಲಿ ಒಂದು ಹನಿ ಸೋರಿಲ್ಲ. ನಾನು ಅವತ್ತು ಪಂಪ್ ರೂಮಿನ ಎದುರು ಹೇಳಿದ್ದು ಸುಳ್ಳು.

ಚೇರ್ಮನ್ ಫೈಲಿನ ಹಳೆಯ ಹಾಳೆ ತಿರುವಿದರು.

"ಮಗ್ ಚೂಕ್ ಕೋಣಾಚೀ?" ಹಾಗಾದರೆ ತಪ್ಪು ಯಾರದು ಎಂದು ಕೇಳಿದರು, ಅಷ್ಟೆಲ್ಲ ಹೇಳಿದ ಮೇಲೂ. ಅವರಿಗೆ ಬರೆದುಕೊಳ್ಳಲು ಒಂದು ಸಾಲು ಬೇಕಿತ್ತು.

"ಮಾಝೀ" ಎಂದೆ. ನನ್ನದು.

ಆಮೇಲೆ ಸೆಕ್ರೆಟರಿಯ ಕಡೆ ತಿರುಗಿ ತುಳುವಿನಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದೆ. ಹಿಟ್ಟಿನ ಮಾತನ್ನೂ ಬಿಡಲಿಲ್ಲ. ಘಟ್ಟದ ಮೇಲಿನವನ ತಲೆಯಲ್ಲಿ ಹಿಟ್ಟು ಇದೆ ಎಂದಿದ್ದೆ, ಹಿಟ್ಟು ಇದ್ದದ್ದು ನನ್ನ ತಲೆಯಲ್ಲಿ ಎಂದೆ. ಸೆಕ್ರೆಟರಿ ನೆಲ ನೋಡಿದರು. ತುಳು ಗೊತ್ತಿದ್ದ ಆರೇಳು ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಂಬದ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಉಳಿದ ಜೋಡಣೆಗಳನ್ನು ಏನು ಮಾಡಬೇಕು ಎಂದು ಚೇರ್ಮನ್ ನನ್ನನ್ನು ಕೇಳಲಿಲ್ಲ, ಫಿಟ್ಟರ್‌ನನ್ನು ಕೇಳಿದರು. ಎ ವಿಂಗಿನ ಹದಿನಾರೂ ತೆಗೆದು ಹಾಕಬೇಕು, ಎಣ್ಣೆ ತಾಗಿದ ಒಂದು ತುಂಡೂ ಉಳಿಯಬಾರದು, ಕೆಲಸ ತಾನೇ ಮಾಡುತ್ತೇನೆ, ಥ್ರೆಡ್ಡನ್ನು ಬೇರೆ ಯಾರೂ ಮುಟ್ಟಕೂಡದು ಎಂದು ಅವನು ಹಿಂದಿಯಲ್ಲಿ ಹೇಳಿದ. ಅಷ್ಟು ಉದ್ದದ ಮಾತು ಅವನು ಆಡಿದ್ದನ್ನು ನಾನು ಕೇಳಿರಲಿಲ್ಲ. ಕೂಸಿನ ಮನೆಯ ಅಜ್ಜಿ ಎದ್ದು, ಹಾಗಾದರೆ ಕೋಣೆ ಇವನಿಗೇ ಕೊಡಿ, ಒಡೆಯದ ಹಾಗೆ ಮಾಡುವವನು ಮನೆಯಲ್ಲೇ ಇರಲಿ ಎಂದರು. ಕೈ ಎತ್ತಿಸಿದರು. ಸೆಕ್ರೆಟರಿಯೂ ಎತ್ತಿದರು, ಸ್ವಲ್ಪ ತಡವಾಗಿ.

ದಿನಕ್ಕೆ ಎರಡರಂತೆ ಮಾಡುತ್ತ ಕೆಲಸ ಎಂಟು ದಿನ ಹಿಡಿಯಿತು. ನನಗೆ ಅವನು ಕೊಟ್ಟದ್ದು ವಾಲ್ವಿನ ಹತ್ತಿರ ನಿಲ್ಲುವ ಕೆಲಸ. ಮುಚ್ಚಿ ಎಂದರೆ ಮುಚ್ಚುವುದು, ತೆರೆಯಿರಿ ಎಂದರೆ ತೆರೆಯುವುದು. ಅವನು ಹಿತ್ತಾಳೆಯ ಒಳಗಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಬೆರಳಿನಿಂದ ಸವರಿ, ಮತ್ತೆ ಸವರಿ ನೋಡುತ್ತಿದ್ದ. ಈ ಸಲ ನಾನು ಸುಮ್ಮನೆ ನೋಡಿದೆ. ಎಂಟನೇ ದಿನದ ಹೊತ್ತಿಗೆ ಅವನ ಹೆಂಡತಿ ಮಗಳು ಊರಿನಿಂದ ಬಂದಿದ್ದರು. ಪಂಪ್ ರೂಮಿನ ಪಕ್ಕದಲ್ಲಿ ಟ್ರಂಕು ಇಳಿಸಿ, ಆಕೆ ಕೋಣೆ ತೊಳೆಯುತ್ತಿದ್ದ ಸದ್ದು ಡಕ್ಟಿನ ಮೂಲಕ ಟೆರೇಸಿಗೆ ಕೇಳುತ್ತಿತ್ತು.

ಹದಿನಾರನೆಯದಕ್ಕೆ ಟೇಪು ಸುತ್ತುತ್ತಿದ್ದಾಗ ನಾನು ಕೇಳಿದೆ. "ಎಣ್ಣೆ ಹಚ್ಚಬಾರದು ಅಂತ ನಿನಗೆ ಗೊತ್ತಿತ್ತಲ್ಲ. ನನಗೆ ಯಾಕೆ ಹೇಳಲಿಲ್ಲ ಮಾರಾಯ?"

ಅವನು ಕೈ ನಿಲ್ಲಿಸಲಿಲ್ಲ. "ಹೇಳಿದ್ದೆನ್ರಿ. ಮೊದಲನೇ ದಿನಾನ ಹೇಳಿದ್ದೆ. ಡಬ್ಯಾಗಿನ ಚೀಟಿ ಓದಿ ತೋರಿಸಿದ್ದೆ."

"ನಾನು ಏನಂದೆ?"

"ಏನೂ ಅನಲಿಲ್ರಿ. ನಕ್ರಿ."

ಎಷ್ಟು ಯೋಚಿಸಿದರೂ ಆ ನಗು ನೆನಪಿಗೆ ಬರಲಿಲ್ಲ. ದಿನಕ್ಕೆ ಹತ್ತು ಜನರನ್ನು ನೋಡಿ ನಗುವವನಿಗೆ ಒಂದೊಂದೂ ನೆನಪಿರುವುದಾದರೂ ಹೇಗೆ?

ಅವನು ಅಡಾಪ್ಟರನ್ನು ಕೈಯಲ್ಲಿ ಬಿಗಿ ಮಾಡಿದ. ಪಾನಾದಿಂದ ಒಂದೂವರೆ ಸುತ್ತು ಕೊಟ್ಟ. ಅಂಟು ಹಚ್ಚಿ, ಪೈಪು ಒತ್ತಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಹಿಡಿದುಕೊಂಡ. ಆಮೇಲೆ ಸಾಮಾನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲ ಕಡೆ ನಡೆದ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ.

"ನಾಳಿ ಈ ಹೊತ್ತಿನ ತನಕ ವಾಲ್ವ್ ಮುಟ್ಟಬ್ಯಾಡ್ರಿ" ಎಂದ.

"ಆಯಿತು" ಎಂದೆ.